ಟಾರ್ಕ್ ಬಾಣ ಯಾವ ಕಡೆ? ತಿರುಗುವ ಚಲನೆ ಮತ್ತು ಕ್ರಾಸ್ ಪ್ರಾಡಕ್ಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ತಿರುಗುವ ಚಲನೆಯ ಪಾಠ ಶುರುವಾದ ವಾರ ಇಡೀ ಕ್ಲಾಸು ಬೆರಳು ತಿರುಚಿಕೊಂಡು ಕೂತಿರುತ್ತದೆ. ಹೊರಗಿನಿಂದ ನೋಡಿದವರಿಗೆ ಭರತನಾಟ್ಯದ ಮುದ್ರೆ ಕಲಿಸುತ್ತಿದ್ದಾರೆ ಅನ್ನಿಸಬೇಕು. ಪ್ರತಿ ವರ್ಷವೂ ಅವೇ ಪ್ರಶ್ನೆಗಳು ಬರುತ್ತವೆ. ಅವನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ಅಕ್ಷರಗಳ ಬಗ್ಗೆ ಒಂದು ಮಾತು. ಆರ್ ಅಂದರೆ ಸ್ಥಾನ, ಎಫ್ ಅಂದರೆ ಬಲ, ವಿ ಅಂದರೆ ವೇಗ, ಒಮೆಗಾ ಅಂದರೆ ಕೋನೀಯ ವೇಗ, ಎಲ್ ಅಂದರೆ ಕೋನೀಯ ಸಂವೇಗ. ಎಲ್ಲವೂ ಸದಿಶಗಳೇ, ಅಂದರೆ ಪ್ರಮಾಣದ ಜೊತೆ ದಿಕ್ಕೂ ಇರುವಂಥವು, ಬಾಣವಾಗಿ ಬರೆಯುವಂಥವು. ಟಾರ್ಕ್ ಅಂದರೆ ಬಲ ಒಂದು ವಸ್ತುವನ್ನು ತಿರುಗಿಸುವ ಪರಿಣಾಮ, ಅದು ಆರ್ × ಎಫ್. ಈ × ಗುರುತೇ ಕ್ರಾಸ್ ಪ್ರಾಡಕ್ಟ್, ಎರಡು ಸದಿಶಗಳಿಂದ ಎರಡಕ್ಕೂ ಲಂಬವಾದ ಮೂರನೆಯದನ್ನು ಕೊಡುವ ಗುಣಾಕಾರ. ಪಠ್ಯದಲ್ಲಿ ಅದನ್ನು ಸದಿಶ ಗುಣಲಬ್ಧ ಅಂತಾರೆ. ನಾನು ಕ್ಲಾಸಿನಲ್ಲಿ ಹೇಳುವ ಹಾಗೆ ಕ್ರಾಸ್ ಪ್ರಾಡಕ್ಟ್ ಅಂತಲೇ ಬರೆಯುತ್ತೇನೆ.

ಬಾಗಿಲು ತಿರುಗೋದು ಅಡ್ಡಡ್ಡ. ಟಾರ್ಕ್ ಮಾತ್ರ ಮೇಲಕ್ಕೆ ಅಂತೀರಿ. ಮೇಲಕ್ಕೆ ಏನು ಹೋಗ್ತಿದೆ ಮೇಡಂ?

ಏನೂ ಹೋಗುತ್ತಿಲ್ಲ. ಮುಕ್ಕಾಲು ಗೊಂದಲ ಇಲ್ಲೇ ಇರುವುದು. ಬಲದ ಬಾಣ ನೋಡಿ ನಮಗೆ ಅಭ್ಯಾಸವಾಗಿಬಿಟ್ಟಿದೆ. ಬಾಣ ಎಲ್ಲಿ ತೋರಿಸುತ್ತದೋ ಅತ್ತ ತಳ್ಳುತ್ತಿದ್ದಾರೆ ಅಂತ ಅರ್ಥ. ಟಾರ್ಕ್‌ನ ಬಾಣ ಆ ಜಾತಿಯದ್ದಲ್ಲ. ಅದು ಎರಡು ವಿಷಯ ಹೇಳುವ ಚೀಟಿ. ತಿರುಗುವಿಕೆ ಯಾವ ಗೆರೆಯ ಸುತ್ತ, ಮತ್ತು ಆ ಗೆರೆಯ ಸುತ್ತ ಯಾವ ಕಡೆಗೆ. ಅಷ್ಟೇ.

ಬಾಗಿಲ ಮುಂದೆ ನಿಂತುಕೊಳ್ಳಿ. ಕೀಲು ನಿಮ್ಮ ಎಡಕ್ಕಿದೆ, ಹಿಡಿ ಬಲಕ್ಕಿದೆ. ಬಾಗಿಲನ್ನು ಮುಂದಕ್ಕೆ ತಳ್ಳುತ್ತೀರಿ. ಕೀಲಿನಿಂದ ಹಿಡಿಯ ಕಡೆಗೆ ಹೋಗುವ ಆರ್ ಬಲಕ್ಕೆ, ಎಫ್ ಮುಂದಕ್ಕೆ. ಬಲಗೈಯ ಬೆರಳುಗಳನ್ನು ಬಲಕ್ಕೆ ಚಾಚಿ ಮುಂದಕ್ಕೆ ಮಡಚಿದರೆ ಹೆಬ್ಬೆರಳು ಮೇಲಕ್ಕೆ ನಿಲ್ಲುತ್ತದೆ. ಟಾರ್ಕ್ ಮೇಲಕ್ಕೆ.

ಈಗ ಪಕ್ಕದ ಕೋಣೆಯ ಬಾಗಿಲಿಗೆ ಹೋಗಿ. ಅದರ ಕೀಲು ಬಲಕ್ಕಿದೆ ಅಂದುಕೊಳ್ಳಿ. ಅಷ್ಟೇ ಬಲದಿಂದ, ಹಾಗೆಯೇ ಮುಂದಕ್ಕೆ ತಳ್ಳಿ. ಈ ಸಲ ಆರ್ ಎಡಕ್ಕೆ ಹೋಗುತ್ತದೆ, ಹಾಗಾಗಿ ಟಾರ್ಕ್ ಕೆಳಕ್ಕೆ. ನಿಮ್ಮ ತೋಳಿಗೆ ಎರಡೂ ಒಂದೇ ಕೆಲಸ. ಮೇಲಿನಿಂದ ನೋಡಿದವರಿಗೆ ಮಾತ್ರ ಒಂದು ಬಾಗಿಲು ಅಪ್ರದಕ್ಷಿಣವಾಗಿ ತಿರುಗಿತು, ಇನ್ನೊಂದು ಪ್ರದಕ್ಷಿಣವಾಗಿ. ಆ ವ್ಯತ್ಯಾಸವನ್ನೇ ಬಾಣ ಮೇಲೆ, ಕೆಳಗೆ ಅಂತ ಬರೆದಿಡುತ್ತದೆ.

ತಿರುಗುವ ದಿಕ್ಕಿನಲ್ಲೇ ಬಾಣ ಬರೆದರೆ ಏನು ಕಷ್ಟ? ಲಂಬವಾಗಿ ಯಾಕೆ?

ತಿರುಗುವ ದಿಕ್ಕು ಯಾವುದು, ನೀವೇ ಹೇಳಿ. ಸೈಕಲ್ ಚಕ್ರದ ಮೇಲಿನ ತುದಿ ಮುಂದಕ್ಕೆ ಹೋಗುತ್ತಿರುವಾಗ ಕೆಳಗಿನ ತುದಿ ಅಚ್ಚಿನ ಲೆಕ್ಕದಲ್ಲಿ ಹಿಂದಕ್ಕೆ ಹೋಗುತ್ತಿದೆ. ಮುಂದಿನ ತುದಿ ಕೆಳಕ್ಕೆ, ಹಿಂದಿನದು ಮೇಲಕ್ಕೆ. ಚಕ್ರದ ಸಮತಲದಲ್ಲಿ ಯಾವ ಬಾಣ ಬರೆದರೂ ಅರ್ಧ ಚಕ್ರ ಒಪ್ಪುವುದಿಲ್ಲ. ಇಡೀ ಚಕ್ರಕ್ಕೆ ಸೇರಿ ಬದಲಾಗದೆ ಉಳಿಯುವ ಗೆರೆ ಒಂದೇ, ಅದು ಅಚ್ಚು. ಹಾಗಾಗಿ ಬಾಣವನ್ನು ಅಚ್ಚಿನ ಮೇಲೆ ಇಟ್ಟರು. ಅಚ್ಚಿಗೆ ತುದಿಗಳು ಎರಡು. ಯಾವ ತುದಿಗೆ ಬಾಣದ ಮೊನೆ ಅಂತ ತೀರ್ಮಾನಿಸಲು ಒಂದು ಒಪ್ಪಂದ ಬೇಕಾಯಿತು. ಬಲಗೈ ನಿಯಮ ಆ ಒಪ್ಪಂದ.

ಬಲಗೈಯೇ ಯಾಕೆ? ಎಡಗೈ ನಿಯಮ ಮಾಡಿದ್ದರೆ ಲೋಕ ಉಲ್ಟಾ ಆಗ್ತಿತ್ತಾ?

ಏನೂ ಆಗುತ್ತಿರಲಿಲ್ಲ. ರಸ್ತೆಯ ಎಡಕ್ಕೆ ಗಾಡಿ ಓಡಿಸುವುದು, ಬಲಕ್ಕೆ ಓಡಿಸುವುದು ಇದ್ದ ಹಾಗೆ. ಎಲ್ಲರೂ ಒಂದೇ ಪಾಲಿಸಿದರೆ ಸಾಕು.

ವಿ = ಒಮೆಗಾ × ಆರ್ ತಗೊಳ್ಳಿ. ಎಡಗೈ ಬಳಸಿದರೆ ಒಮೆಗಾದ ಬಾಣ ತಿರುಗಿ ನಿಲ್ಲುತ್ತದೆ. ಆದರೆ ಕ್ರಾಸ್ ಪ್ರಾಡಕ್ಟ್ ಮಾಡುವಾಗಲೂ ಎಡಗೈಯನ್ನೇ ಬಳಸುತ್ತೀರಲ್ಲ, ಅಲ್ಲಿ ಇನ್ನೊಮ್ಮೆ ತಿರುಗುತ್ತದೆ. ಎರಡು ಸಲ ತಿರುಗಿದರೆ ಮೊದಲಿನ ಜಾಗಕ್ಕೇ ಬಂದಂತೆ. ವಿ ಬದಲಾಗುವುದಿಲ್ಲ. ಕಣ್ಣಿಗೆ ಕಾಣುವುದು ವಿ, ಒಮೆಗಾದ ಬಾಣ ಅಲ್ಲ. ಟಾರ್ಕ್ ಎಷ್ಟು ಬೇಗ ಎಲ್ ಅನ್ನು ಬದಲಿಸುತ್ತದೆ ಅನ್ನುವ ಸಮೀಕರಣದಲ್ಲೂ ಹೀಗೇ. ಎಡಗೈ ಹಿಡಿದರೆ ಎರಡೂ ಕಡೆ ಒಟ್ಟಿಗೆ ತಲೆಕೆಳಗಾಗುತ್ತವೆ, ಸಮೀಕರಣ ಹಾಗೇ ನಿಲ್ಲುತ್ತದೆ. ಕೆಡುವುದು ಯಾವಾಗ ಅಂದರೆ, ಒಂದು ಸಾಲಿನಲ್ಲಿ ಬಲಗೈ, ಮುಂದಿನ ಸಾಲಿನಲ್ಲಿ ಎಡಗೈ ಬಳಸಿದಾಗ.

ಇದು ಸುಮ್ನೆ ಹೇಳುವ ಎಚ್ಚರಿಕೆ ಅಲ್ಲ. ಪರೀಕ್ಷೆ ಹಾಲ್‌ನಲ್ಲಿ ಬಲಗೈಯಲ್ಲಿ ಪೆನ್ನು ಇರುತ್ತದೆ. ಖಾಲಿ ಇರುವುದು ಎಡಗೈ. ಮಕ್ಕಳು ಗೊತ್ತಿಲ್ಲದೆ ಎಡಗೈ ಎತ್ತಿ ಬೆರಳು ಮಡಚುತ್ತಾರೆ. ಪೆನ್ನು ಕೆಳಗಿಡಿ. ನಾನು ಕ್ಲಾಸಿನಲ್ಲಿ ಇದನ್ನು ಹೇಳಿದಷ್ಟು ಸಲ ಬೇರೇನನ್ನೂ ಹೇಳಿರಲಿಕ್ಕಿಲ್ಲ.

ಹಾಗಾದರೆ ಪ್ರಕೃತಿಗೆ ಎಡ ಬಲ ಗೊತ್ತೇ ಇಲ್ಲ ಅಂತಾನಾ?

ಬಾಗಿಲು, ಬುಗುರಿ, ಗ್ರಹ, ಮೋಟಾರು, ಇವುಗಳ ಮಟ್ಟಿಗೆ ಗೊತ್ತಿಲ್ಲ. 1956ರವರೆಗೆ ಬಹಳಷ್ಟು ಭೌತವಿಜ್ಞಾನಿಗಳು ಎಲ್ಲ ಕಡೆಯೂ ಹೀಗೇ ಅಂದುಕೊಂಡಿದ್ದರು. ಆ ವರ್ಷ ಲೀ ಮತ್ತು ಯಾಂಗ್ ಎಂಬಿಬ್ಬರು ಅದನ್ನು ಪ್ರಶ್ನಿಸಿದರು. ಚಿಯೆನ್ ಶಿಯುಂಗ್ ವು ಎಂಬ ಭೌತವಿಜ್ಞಾನಿ ವಿಕಿರಣ ಸೂಸುವ ಕೋಬಾಲ್ಟ್-60ರ ನ್ಯೂಕ್ಲಿಯಸ್‌ಗಳನ್ನು ತೀರಾ ತಣ್ಣಗೆ ಮಾಡಿ, ಅವುಗಳ ಗಿರಕಿಯ ಬಾಣಗಳನ್ನು ಒಂದೇ ಕಡೆ ಸಾಲಾಗಿ ನಿಲ್ಲಿಸಿ ನೋಡಿದರು. ಹೊರಬಂದ ಎಲೆಕ್ಟ್ರಾನುಗಳು ಬಾಣದ ವಿರುದ್ಧ ದಿಕ್ಕಿಗೇ ಜಾಸ್ತಿ ಹೋದವು. ಕನ್ನಡಿಯಲ್ಲಿ ಕಾಣುವ ಪ್ರಯೋಗ ನಿಜದಲ್ಲಿ ನಡೆಯುವುದಿಲ್ಲ ಅಂತಾಯಿತು. 1957ರಲ್ಲಿ ಲೀ ಮತ್ತು ಯಾಂಗ್‌ಗೆ ನೊಬೆಲ್ ಬಂತು. ವು ಅವರಿಗೆ ಬರಲಿಲ್ಲ. ಅದು ಇವತ್ತಿಗೂ ನನಗೆ ಬೇಸರದ ವಿಷಯ.

ಬಲಗೈ ನಿಯಮ ಅಂತ ಒಬ್ಬೊಬ್ಬರು ಒಂದೊಂದು ಹೇಳಿಕೊಡ್ತಾರೆ. ಯಾವುದು ಸರಿ?

ಮೂರೂ ಸರಿ, ಮೂರೂ ಒಂದೇ. ಬೆರಳುಗಳನ್ನು ಮೊದಲ ಸದಿಶದ ಉದ್ದಕ್ಕೆ ಚಾಚಿ ಎರಡನೆಯದರ ಕಡೆಗೆ ಮಡಚುವುದು ಒಂದು. ತೋರುಬೆರಳು ಮೊದಲನೆಯದು, ಮಧ್ಯದ ಬೆರಳು ಎರಡನೆಯದು, ಹೆಬ್ಬೆರಳು ಉತ್ತರ, ಇದು ಇನ್ನೊಂದು. ಮೂರನೆಯದು ಸ್ಕ್ರೂ. ಮೊದಲನೆಯದರಿಂದ ಎರಡನೆಯದರ ಕಡೆಗೆ ಸ್ಕ್ರೂ ತಿರುಗಿಸಿದರೆ ಅದು ಎತ್ತ ಸಾಗುತ್ತದೋ ಅದೇ ದಿಕ್ಕು. ನನಗೆ ಮಡಚುವ ವಿಧಾನವೇ ಇಷ್ಟ, ಯಾಕಂದರೆ ಒಮೆಗಾ ಹುಡುಕಲೂ ಅದೇ ಕೈ ಸಾಕು. ಚಕ್ರ ತಿರುಗುವ ಹಾಗೆ ಬೆರಳು ಮಡಚಿ, ಹೆಬ್ಬೆರಳು ನೋಡಿ.

ಮಡಚುವಾಗ 180 ಡಿಗ್ರಿಗಿಂತ ಕಡಿಮೆ ಇರುವ ಕಡೆಯಿಂದಲೇ ಮಡಚಬೇಕು. ಕೈ ತಿರುಗದಿದ್ದರೆ ಬೆರಳನ್ನು ಹಿಂದಕ್ಕೆ ಬಗ್ಗಿಸಬೇಡಿ, ಇಡೀ ಅಂಗೈಯನ್ನು ಮಗುಚಿ ಹಾಕಿ.

ಗಡಿಯಾರ, ಫ್ಯಾನು, ಪ್ರದಕ್ಷಿಣೆ, ಇವುಗಳ ಬಾಣ ಎತ್ತ?

ಗೋಡೆ ಗಡಿಯಾರದ ಮುಳ್ಳುಗಳ ಬಾಣ ಗೋಡೆಯೊಳಕ್ಕೆ. ದೇವಸ್ಥಾನದಲ್ಲಿ ದೇವರನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆ ಬರುತ್ತೀರಲ್ಲ, ಆಗ ನಿಮ್ಮ ಒಮೆಗಾ ನೆಲದೊಳಕ್ಕೆ. ಮುಂದಕ್ಕೆ ಹೋಗುತ್ತಿರುವ ಸೈಕಲ್ಲಿನ ಚಕ್ರದ ಬಾಣ ಸವಾರನ ಎಡಕ್ಕೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಅದರ ಬಾಣ ಉತ್ತರಕ್ಕೆ, ಈಗಿನ ಕಾಲದಲ್ಲಿ ಹೆಚ್ಚುಕಡಿಮೆ ಧ್ರುವ ನಕ್ಷತ್ರದ ಕಡೆಗೆ. ಹಗ್ಗ ಕಟ್ಟಿ ಮಜ್ಜಿಗೆ ಕಡೆಯುವ ಕಡಗೋಲಿನದ್ದು ತಮಾಷೆ. ಹಗ್ಗದ ಒಂದು ತುದಿ ಎಳೆದಾಗ ಮೇಲಕ್ಕೆ, ಇನ್ನೊಂದು ಎಳೆದಾಗ ಕೆಳಕ್ಕೆ, ಬಾಣ ಕುಣಿಯುತ್ತಲೇ ಇರುತ್ತದೆ.

ಇನ್ನು ಸೀಲಿಂಗ್ ಫ್ಯಾನು. ನಮ್ಮ ಮನೆಗಳ ಮಾಮೂಲಿ ಫ್ಯಾನು ಕೆಳಗೆ ಮಲಗಿ ನೋಡಿದರೆ ಅಪ್ರದಕ್ಷಿಣವಾಗಿ ತಿರುಗುತ್ತದೆ. ಬೆರಳು ಹಾಗೆ ಮಡಚಿದರೆ ಹೆಬ್ಬೆರಳು ನಿಮ್ಮ ಮುಖದ ಕಡೆಗೆ, ಅಂದರೆ ಕೆಳಕ್ಕೆ. ಕೂಡಲೇ ಒಬ್ಬರು ಹೇಳುತ್ತಾರೆ, 'ಹೌದು ಮೇಡಂ, ಗಾಳಿ ಕೆಳಗೆ ಬರುತ್ತಲ್ಲ, ಅದಕ್ಕೇ.' ಅಲ್ಲ. ಗಾಳಿ ಕೆಳಗೆ ಬರುವುದು ರೆಕ್ಕೆಯ ಓರೆಯಿಂದ. ರೆಕ್ಕೆಗಳನ್ನು ಉಲ್ಟಾ ಓರೆ ಮಾಡಿ ಹಾಕಿದ್ದರೆ ಗಾಳಿ ಮೇಲಕ್ಕೆ ಹೋಗುತ್ತಿತ್ತು, ಒಮೆಗಾ ಕೆಳಕ್ಕೇ ಇರುತ್ತಿತ್ತು.

ಸ್ವಿಚ್ ಆಫ್ ಮಾಡಿದರೆ?

ಒಮೆಗಾ ಕೆಳಕ್ಕೇ ಇರುತ್ತದೆ, ಚಿಕ್ಕದಾಗುತ್ತಾ ಹೋಗುತ್ತದೆ. ಕೋನೀಯ ವೇಗೋತ್ಕರ್ಷದ ಬಾಣ ಮೇಲಕ್ಕೆ. ಬ್ರೇಕ್ ಹಾಕಿದ ಬಸ್ಸಿನಲ್ಲಿ ವೇಗ ಮುಂದಕ್ಕೆ, ವೇಗೋತ್ಕರ್ಷ ಹಿಂದಕ್ಕೆ ಇರುತ್ತದಲ್ಲ, ಅದೇ ಕಥೆ.

ಆರ್ × ಎಫ್ ಯಾಕೆ? ಎಫ್ × ಆರ್ ಬರೆದರೆ ಮಾರ್ಕ್ಸ್ ಯಾಕೆ ಕಟ್ ಮಾಡ್ತೀರಿ?

ಚಿಹ್ನೆ ಉಲ್ಟಾ ಆಗುತ್ತದೆ, ಅದಕ್ಕೆ. ಕ್ರಾಸ್ ಪ್ರಾಡಕ್ಟ್‌ನಲ್ಲಿ ಜಾಗ ಅದಲುಬದಲಾದರೆ ಮೈನಸ್ ಬರುತ್ತದೆ. ಆರ್ ಅನ್ನು ಮೊದಲು ಇಟ್ಟದ್ದಕ್ಕೆ ಒಂದು ಅನುಕೂಲ ಇದೆ. ಎಕ್ಸ್ ಅಕ್ಷದಿಂದ ವೈ ಅಕ್ಷದ ಕಡೆಗೆ ಅಳೆದ ಕೋನ ಪಾಸಿಟಿವ್ ಅಂತ ಹೈಸ್ಕೂಲಿನಿಂದಲೇ ಕಲಿತಿದ್ದೇವೆ. ಆರ್ × ಎಫ್ ಅಂತ ಬರೆದರೆ ಅಪ್ರದಕ್ಷಿಣ ಟಾರ್ಕ್ ಕೂಡ ಪಾಸಿಟಿವ್ ಬರುತ್ತದೆ.

ಒಂದು ಲೆಕ್ಕ ಮಾಡೋಣ. ಐ, ಜೆ, ಕೆ ಅಂದರೆ ಎಕ್ಸ್, ವೈ, ಝಡ್ ಅಕ್ಷಗಳ ಉದ್ದಕ್ಕೆ ಒಂದು ಮಾನ ಉದ್ದದ ಬಾಣಗಳು. ಆರ್ = 2 ಐ + 3 ಜೆ ಮೀಟರ್. ಎಫ್ = 4 ಐ − 1 ಜೆ ನ್ಯೂಟನ್. ಎರಡೂ ಕಾಗದದ ಮೇಲೇ ಇರುವುದರಿಂದ ಕೆ ಘಟಕ ಒಂದೇ ಬೇಕು. ಅದು 2 × (−1) − 3 × 4, ಅಂದರೆ −14. ಟಾರ್ಕ್ −14 ಕೆ ನ್ಯೂಟನ್ ಮೀಟರ್. ಇಲ್ಲಿಗೆ ನಿಲ್ಲಿಸಬೇಡಿ, ಚಿತ್ರ ಬರೆದು ನೋಡಿ. ಬಿಂದು ಮೂಲಕ್ಕಿಂತ ಮೇಲೆ, ಸ್ವಲ್ಪ ಬಲಕ್ಕಿದೆ. ಬಲ ಅದನ್ನು ಬಲಕ್ಕೆ, ತುಸು ಕೆಳಕ್ಕೆ ತಳ್ಳುತ್ತಿದೆ. ಗಡಿಯಾರದ ಹನ್ನೆರಡರ ಹತ್ತಿರ ಮುಳ್ಳನ್ನು ಬಲಕ್ಕೆ ನೂಕಿದ ಹಾಗೆ. ಪ್ರದಕ್ಷಿಣ ಆಗಲೇಬೇಕು, ಮೈನಸ್ ಬರಲೇಬೇಕು. ಈ ಹತ್ತು ಸೆಕೆಂಡಿನ ಚಿತ್ರ ಬರೆಯದೆ ಕಳೆದುಕೊಂಡ ಮಾರ್ಕ್ಸ್‌ಗೆ ಲೆಕ್ಕವೇ ಇಲ್ಲ.

ಮೂರು ಆಯಾಮದ ಲೆಕ್ಕದಲ್ಲಿ ಡಿಟರ್ಮಿನೆಂಟ್ ಬಿಡಿಸುವಾಗ ಜೆ ಮುಂದಿನ ಮೈನಸ್ ಮರೆಯುವುದು ಇನ್ನೊಂದು ಹಳೇ ರೋಗ. ಮರೆವು ಜಾಸ್ತಿ ಇದ್ದರೆ ಚಕ್ರದ ದಾರಿ ಹಿಡಿಯಿರಿ. ಐ × ಜೆ = ಕೆ, ಜೆ × ಕೆ = ಐ, ಕೆ × ಐ = ಜೆ. ಈ ಸುತ್ತಿನಲ್ಲಿ ಹೋದರೆ ಪ್ಲಸ್, ಎದುರು ಹೋದರೆ ಮೈನಸ್.

ವೇಗಕ್ಕೆ ಮಾತ್ರ ಒಮೆಗಾ × ಆರ್. ಇಲ್ಲಿ ಆರ್ ಯಾಕೆ ಎರಡನೆಯದು?

ಬಾಯಿಪಾಠ ಮಾಡಬೇಡಿ, ಪರೀಕ್ಷಿಸಿ. ಒಮೆಗಾ ಮೇಲಕ್ಕೆ, ಅಂದರೆ ಮೇಲಿನಿಂದ ಅಪ್ರದಕ್ಷಿಣ. ಬಿಂದು ಬಲಕ್ಕಿದೆ. ಹಾಗಾದರೆ ಅದು ಮುಂದಕ್ಕೆ ಹೋಗಬೇಕು, ಬಾಗಿಲ ಹಿಡಿ ಹೋದ ಹಾಗೆ. ಕೆ × ಐ = ಜೆ, ಮುಂದಕ್ಕೆ. ಸರಿ ಬಂತು. ಆರ್ × ಒಮೆಗಾ ಹಾಕಿದರೆ ಹಿಂದಕ್ಕೆ ಬರುತ್ತದೆ, ಅದು ತಪ್ಪು.

ಆರ್ ಅನ್ನು ಎಲ್ಲಿಂದ ಅಳೀಬೇಕು?

ನೀವು ಆರಿಸಿಕೊಂಡ ಬಿಂದುವಿನಿಂದ ಬಲ ಬೀಳುವ ಜಾಗದವರೆಗೆ. ಉಲ್ಟಾ ಅಲ್ಲ. ಬಿಂದು ಬದಲಿಸಿದರೆ ಟಾರ್ಕ್ ಬದಲಾಗುತ್ತದೆ, ಅದಕ್ಕೆ 'ಯಾವುದರ ಸುತ್ತ' ಅಂತ ಹೇಳದೆ ಬರೀ ಟಾರ್ಕ್ ಇಷ್ಟು ಅಂದರೆ ಅರ್ಥವಿಲ್ಲ. ಒಂದು ವಿನಾಯಿತಿ ಇದೆ. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಕೈ ಮೇಲಕ್ಕೆ, ಇನ್ನೊಂದು ಅಷ್ಟೇ ಬಲದಿಂದ ಕೆಳಕ್ಕೆ ತಿರುಗಿಸಿದಾಗ ಒಟ್ಟು ಬಲ ಸೊನ್ನೆ. ಅಂಥ ಜೋಡಿಯ ಟಾರ್ಕ್ ಎಲ್ಲಿಂದ ಅಳೆದರೂ ಅಷ್ಟೇ.

ಇದೇ ಕಾರಣಕ್ಕೆ ನೇರವಾಗಿ ಹೋಗುವ ವಸ್ತುವಿಗೂ ಕೋನೀಯ ಸಂವೇಗ ಇರುತ್ತದೆ. 2 ಕೆಜಿಯ ಗುಂಡು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ನಿಮ್ಮಿಂದ 4 ಮೀಟರ್ ದೂರದ ನೇರ ಗೆರೆಯಲ್ಲಿ ಉರುಳದೆ ಜಾರಿ ಹೋದರೆ, ನಿಮ್ಮ ಸುತ್ತ ಅದರ ಎಲ್ 24 ಮಾನ. ಅದು ಹತ್ತಿರ ಬಂದಾಗಲೂ 24, ದೂರ ಹೋದಾಗಲೂ 24. ಆರ್ ಉದ್ದವಾಗುತ್ತದೆ, ಜೊತೆಗೆ ಕೋನದ ಸೈನ್ ಚಿಕ್ಕದಾಗುತ್ತದೆ. ಗುಂಡು ನಿಮ್ಮನ್ನು ಸುತ್ತುತ್ತಿಲ್ಲ. ಆದರೆ ನೀವು ಅದನ್ನೇ ನೋಡುತ್ತಾ ನಿಂತರೆ ನಿಮ್ಮ ಕತ್ತು ತಿರುಗುತ್ತದೆ ಅಲ್ವಾ?

ನ್ಯೂಟನ್ ಮೀಟರ್ ಅಂದ್ರೆ ಜೌಲ್ ತಾನೇ?

ಟಾರ್ಕ್‌ಗೆ ಜೌಲ್ ಬರೆಯಬೇಡಿ. ಕೆಲಸದಲ್ಲಿ ಬಲ ಮತ್ತು ದೂರ ಒಂದೇ ಗೆರೆಯಲ್ಲಿದ್ದಷ್ಟು ಲೆಕ್ಕಕ್ಕೆ ಬರುತ್ತವೆ, ಟಾರ್ಕ್‌ನಲ್ಲಿ ಒಂದಕ್ಕೊಂದು ಅಡ್ಡವಿದ್ದಷ್ಟು. ಕೀಲಿನಿಂದ 0.8 ಮೀಟರ್ ದೂರದಲ್ಲಿ ನೇರವಾಗಿ 20 ನ್ಯೂಟನ್ ತಳ್ಳಿದರೆ ಟಾರ್ಕ್ 16 ನ್ಯೂಟನ್ ಮೀಟರ್. ಬಾಗಿಲು ಅಲುಗಾಡದಿದ್ದರೂ ಅದು 16. ಹಾಗೆ ತಳ್ಳುತ್ತಲೇ ಬಾಗಿಲನ್ನು 90 ಡಿಗ್ರಿ, ಅಂದರೆ 1.57 ರೇಡಿಯನ್ ತಿರುಗಿಸಿದಿರಿ ಅನ್ನಿ. ಆಗ ಕೆಲಸ ಸುಮಾರು 25 ಜೌಲ್. ಅದೇ ಬಲವನ್ನು ಕೀಲಿನಿಂದ 10 ಸೆಂಟಿಮೀಟರ್ ದೂರದಲ್ಲಿ ಹಾಕಿದರೆ ಟಾರ್ಕ್ ಬರೀ 2. ಹಿಡಿಯನ್ನು ಬಾಗಿಲ ಅಂಚಿಗೆ ಯಾಕೆ ಇಡುತ್ತಾರೆ ಅಂತ ಆಚಾರಿಯನ್ನು ಕೇಳಬೇಕಾಗಿಲ್ಲ.

ತಿರುಪು ಬಲಕ್ಕೆ ತಿರುಗಿಸಿದರೆ ಬಿಗಿ. ಎಲ್ಲಾ ಕಡೆಯೂ ಹೀಗೇನಾ?

ಬಹುತೇಕ ಹೀಗೆ. ಮಾಮೂಲಿ ಸ್ಕ್ರೂ ಬಲಗೈ ಜಾತಿ. ಹೆಬ್ಬೆರಳು ಗೋಡೆಯ ಕಡೆಗಿಟ್ಟು ಬೆರಳು ಮಡಚುವ ಹಾಗೆ ತಿರುಗಿಸಿದರೆ ಅದು ಒಳಕ್ಕೆ ಹೋಗುತ್ತದೆ.

ಎಲ್ಲಾ ಕಡೆ ಅಲ್ಲ ಅನ್ನುವುದನ್ನು ನಾನು ಕಷ್ಟಪಟ್ಟು ಕಲಿತೆ. ಕಾಲೇಜಿನಲ್ಲಿ ಓದುವಾಗ ಸೈಕಲ್ಲಿನ ಎಡ ಪೆಡಲ್ ಬಿಚ್ಚಲು ಕೂತೆ. ಅಪ್ರದಕ್ಷಿಣ ತಿರುಗಿಸಿದರೆ ಸಡಿಲವಾಗಬೇಕು, ಪಾಠದಲ್ಲಿ ಹಾಗೇ ಇದೆ. ಸ್ಪ್ಯಾನರಿಗೆ ಒಂದಡಿ ಪೈಪು ಸಿಕ್ಕಿಸಿ, ಆರ್ ಜಾಸ್ತಿ ಮಾಡಿ, ಮೈಭಾರವೆಲ್ಲ ಹಾಕಿ ಒತ್ತಿದೆ. ಅದು ಕಮಕ್ ಕಿಮಕ್ ಅನ್ನಲಿಲ್ಲ. ಸೈಕಲ್ ಶಾಪಿನ ಅಜ್ಜ ನೋಡಿ ನಕ್ಕು, 'ಏನಮ್ಮಾ, ಬಿಚ್ಚೋಕೆ ಹೊರಟಿದ್ಯೋ, ಬೆಸುಗೆ ಹಾಕೋಕೆ ಹೊರಟಿದ್ಯೋ?' ಅಂದ. ಎಡ ಪೆಡಲ್‌ಗೆ ಎಡಗೈ ಥ್ರೆಡ್ ಇರುತ್ತದೆ. ನಾನು ಅಷ್ಟೂ ಹೊತ್ತು ಅದನ್ನು ಬಿಗಿ ಮಾಡುತ್ತಿದ್ದೆ.

ಕಾರಣ ಚೆನ್ನಾಗಿದೆ. ತುಳಿಯುವಾಗ ಕಾಲಿನ ಭಾರ ಯಾವಾಗಲೂ ಕೆಳಕ್ಕೆ, ಪೆಡಲ್ ಹಿಡಿದಿರುವ ತೋಳು, ಅಂದರೆ ಕ್ರ್ಯಾಂಕ್, ಮಾತ್ರ ಸುತ್ತುತ್ತದೆ. ಕ್ರ್ಯಾಂಕಿನ ಮೇಲೆ ಕೂತು ನೋಡಿದರೆ ಆ ಭಾರವೇ ಪೆಡಲ್ ಅಚ್ಚಿನ ಸುತ್ತ ಸುತ್ತುತ್ತಾ ಒತ್ತುತ್ತದೆ. ಅಚ್ಚು ತನ್ನ ರಂಧ್ರದೊಳಗೆ ಕೂದಲೆಳೆಯಷ್ಟು ಹೊರಳಿ ಹೊರಳಿ ನಿಧಾನಕ್ಕೆ ತಿರುಗುತ್ತದೆ. ಎಡಗಡೆ ಮಾಮೂಲಿ ಥ್ರೆಡ್ ಇದ್ದಿದ್ದರೆ ಪೆಡಲ್ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಬಿಚ್ಚಬೇಕಾದಾಗ ಹೀಗೆ ನೆನಪಿಡಿ. ಸ್ಪ್ಯಾನರ್ ಹಿಡಿ ಮೇಲೆ ಇರುವಾಗ ಯಾವ ಪೆಡಲ್ ಆದರೂ ಹಿಂದಿನ ಚಕ್ರದ ಕಡೆಗೆ ತಿರುಗಿಸಿ. ವೆಲ್ಡಿಂಗ್ ಶಾಪಿನ ಅಸಿಟಿಲೀನ್ ನಳಿಕೆಗಳಿಗೂ ಎಡಗೈ ಥ್ರೆಡ್ಡೇ, ಆಕ್ಸಿಜನ್ ನಳಿಕೆ ಜೊತೆ ಅದಲುಬದಲಾಗಬಾರದು ಅಂತ.

ಬುಗುರಿ ವಾಲಿದರೂ ಬೀಳಲ್ಲ. ಬಾಣಕ್ಕೂ ಇದಕ್ಕೂ ಏನು ಸಂಬಂಧ?

ಈ ಬಾಣಗಳ ಉಪಯೋಗ ನಿಜವಾಗಿ ಗೊತ್ತಾಗುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಬುಗುರಿಗಿಂತ ಸೈಕಲ್ ಚಕ್ರ ಸುಲಭ. ಚಕ್ರದ ಅಚ್ಚಿನ ಒಂದು ತುದಿಗೆ ಹಗ್ಗ ಕಟ್ಟಿ ಸೂರಿನಿಂದ ಇಳಿಬಿಡಿ. ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ಅಚ್ಚನ್ನು ಅಡ್ಡಕ್ಕೆ ನಿಲ್ಲಿಸಿ. ಹಗ್ಗ ನಿಮ್ಮ ಎಡಕ್ಕೆ, ಚಕ್ರ ಬಲಕ್ಕೆ ಇರಲಿ. ತಿರುಗಿಸದೆ ಕೈ ಬಿಟ್ಟರೆ ಚಕ್ರ ದೊಪ್ಪೆಂದು ಜೋತುಬೀಳುತ್ತದೆ. ಜೋರಾಗಿ ತಿರುಗಿಸಿ ಕೈ ಬಿಟ್ಟರೆ ಬೀಳುವುದಿಲ್ಲ. ಅಚ್ಚು ಅಡ್ಡಕ್ಕೇ ಇದ್ದು, ಇಡೀ ಚಕ್ರ ಹಗ್ಗದ ಸುತ್ತ ನಿಧಾನಕ್ಕೆ ಸುತ್ತಲು ಶುರುಮಾಡುತ್ತದೆ. ಮೊದಲ ಸಲ ನೋಡಿದ ಕ್ಲಾಸು ಒಂದು ಕ್ಷಣ ಸದ್ದೇ ಮಾಡುವುದಿಲ್ಲ.

ಬಾಣ ಬರೆಯೋಣ. ಹಗ್ಗ ಕಟ್ಟಿದ ಬಿಂದುವಿನಿಂದ ಚಕ್ರದ ನಡುವಿಗೆ ಆರ್, ಬಲಕ್ಕೆ. ತೂಕ ಕೆಳಕ್ಕೆ. ಬೆರಳು ಬಲಕ್ಕೆ ಚಾಚಿ ಕೆಳಕ್ಕೆ ಮಡಚಿ. ಹೆಬ್ಬೆರಳು ನಿಮ್ಮಿಂದ ದೂರಕ್ಕೆ, ಮುಂದಕ್ಕೆ. ಟಾರ್ಕ್ ಮುಂದಕ್ಕೆ.

ಚಕ್ರ ತಿರುಗದಿದ್ದಾಗ ಎಲ್ ಸೊನ್ನೆ. ಟಾರ್ಕ್ ಕೊಟ್ಟಿದ್ದೇ ಹೊಸ ಎಲ್, ಮುಂದಕ್ಕೆ. ಮುಂದಕ್ಕೆ ಬಾಣ ಇರುವ ತಿರುಗುವಿಕೆ ಅಂದರೆ ಬಲ ತುದಿ ಕೆಳಕ್ಕೆ ಹೋಗುವುದು. ಬಿತ್ತು.

ಚಕ್ರ ತಿರುಗುತ್ತಿದ್ದಾಗ ದೊಡ್ಡ ಎಲ್ ಮೊದಲೇ ಇದೆ. ಅದು ಬಲಕ್ಕೆ ತೋರಿಸುತ್ತಿದೆ ಅನ್ನೋಣ. ಅದೇ ಟಾರ್ಕ್ ಈಗಲೂ ಮುಂದಕ್ಕೆ ಚೂರು ಎಲ್ ಸೇರಿಸುತ್ತದೆ. ಬಲಕ್ಕಿರುವ ಉದ್ದ ಬಾಣದ ತುದಿಗೆ ಮುಂದಕ್ಕೆ ಚಿಕ್ಕ ಬಾಣ ಅಂಟಿಸಿದರೆ ಏನಾಗುತ್ತದೆ? ಉದ್ದ ಬಾಣ ಸ್ವಲ್ಪ ಮುಂದಕ್ಕೆ ತಿರುಗುತ್ತದೆ. ಎಲ್ ಅಚ್ಚಿನ ಉದ್ದಕ್ಕೇ ಇರುವುದರಿಂದ ಅಚ್ಚೂ ಮುಂದಕ್ಕೆ ತಿರುಗುತ್ತದೆ. ತಿರುಗಿದ ಮೇಲೆ ಟಾರ್ಕ್ ಕೂಡ ಜೊತೆಗೇ ತಿರುಗಿದೆ, ಮತ್ತೆ ಅಡ್ಡಕ್ಕೇ ತಳ್ಳುತ್ತದೆ. ಹೀಗೆ ಮೇಲಿನಿಂದ ನೋಡಿದರೆ ಅಪ್ರದಕ್ಷಿಣವಾಗಿ ಸುತ್ತು ಹೊಡೆಯುತ್ತದೆ. ಈಗ ಚಕ್ರವನ್ನು ಎದುರು ದಿಕ್ಕಿಗೆ ತಿರುಗಿಸಿ ಬಿಡಿ. ಎಲ್ ಎಡಕ್ಕೆ, ಟಾರ್ಕ್ ಮಾತ್ರ ಹಾಗೇ ಮುಂದಕ್ಕೆ. ಸುತ್ತುವುದು ಪ್ರದಕ್ಷಿಣವಾಗಿ. ಕೈ ಬಿಡುವ ಮೊದಲೇ ಮಕ್ಕಳಿಂದ ಯಾವ ಕಡೆ ಅಂತ ಹೇಳಿಸುತ್ತೇನೆ. ಬರೀ ಒಪ್ಪಂದದ ಬಾಣ ಹಿಡಿದು ನಿಜವಾದ ಚಕ್ರ ಎತ್ತ ಹೋಗುತ್ತದೆ ಅಂತ ಮೊದಲೇ ಹೇಳಬಹುದು, ನೋಡಿ.

ಎಷ್ಟು ನಿಧಾನ? ಚಕ್ರ 2 ಕೆಜಿ, ತೂಕವೆಲ್ಲ 0.3 ಮೀಟರ್ ತ್ರಿಜ್ಯದ ರಿಮ್ಮಿನಲ್ಲಿದೆ ಅನ್ನಿ. ಸೆಕೆಂಡಿಗೆ 5 ಸುತ್ತು ತಿರುಗಿಸಿದರೆ ಎಲ್ ಸುಮಾರು 5.65. ಹಗ್ಗದಿಂದ ಚಕ್ರದ ನಡುವಿಗೆ 10 ಸೆಂಟಿಮೀಟರ್ ಇದ್ದರೆ ಟಾರ್ಕ್ 1.96. ಭಾಗಿಸಿದರೆ ಸೆಕೆಂಡಿಗೆ 0.35 ರೇಡಿಯನ್, ಒಂದು ಸುತ್ತಿಗೆ ಸುಮಾರು 18 ಸೆಕೆಂಡು. ಚಕ್ರ ನಿಧಾನವಾದಂತೆ ಎಲ್ ಚಿಕ್ಕದಾಗಿ ಈ ಸುತ್ತು ಜೋರಾಗುತ್ತದೆ. ಬುಗುರಿ ಬೀಳುವ ಮುಂಚೆ ತಲೆದೂಗುವುದು ಜಾಸ್ತಿಯಾಗುವುದೂ ಇದಕ್ಕೇ.

ಭೂಮಿಯೂ ಒಂದು ಬುಗುರಿ. ಅದರ ಉಬ್ಬಿದ ನಡುವನ್ನು ಸೂರ್ಯ ಚಂದ್ರರು ಎಳೆಯುತ್ತಾರೆ. ಬುಗುರಿಯ ಟಾರ್ಕ್ ಅದನ್ನು ಬೀಳಿಸಲು ನೋಡಿದರೆ, ಈ ಟಾರ್ಕ್ ಭೂಮಿಯ ಅಕ್ಷವನ್ನು ನೆಟ್ಟಗೆ ಮಾಡಲು ನೋಡುತ್ತದೆ. ಹಾಗಾಗಿ ಭೂಮಿಯ ಅಕ್ಷ ತಾನು ಗಿರಕಿ ಹೊಡೆಯುವ ದಿಕ್ಕಿಗೆ ಎದುರಾಗಿ ತಲೆದೂಗುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ, ನಾವು ಎಳ್ಳು ಬೆಲ್ಲ ಹಂಚುವುದು ಜನವರಿ 14 ಅಥವಾ 15ಕ್ಕೆ. ನಕ್ಷತ್ರಗಳ ಲೆಕ್ಕದ ಸಂಕ್ರಾಂತಿಗೂ ಋತುವಿನ ಉತ್ತರಾಯಣಕ್ಕೂ ನಡುವೆ ಈ ಅಂತರ ಬೆಳೆದದ್ದು ಈ ತಲೆದೂಗಿನಿಂದಲೇ.

ಒಮೆಗಾ ಸದಿಶ ಅಂತೀರಿ. ತಿರುಗಿದ ಕೋನ ಸದಿಶ ಅಲ್ಲ ಅಂತೀರಿ. ಯಾಕೆ?

ಪುಸ್ತಕ ಎತ್ತಿಕೊಳ್ಳಿ. ಮೇಜಿನ ಮೇಲೆ ಮಲಗಿಸಿ, ಮುಖಪುಟ ಮೇಲಕ್ಕೆ, ತಲೆ ನಿಮ್ಮಿಂದ ದೂರಕ್ಕೆ.

ಮೊದಲು ದೂರದ ಅಂಚನ್ನು ಎತ್ತಿ ಪುಸ್ತಕ ನಿಲ್ಲಿಸಿ, ಮುಖಪುಟ ನಿಮ್ಮನ್ನು ನೋಡುತ್ತದೆ. ಆಮೇಲೆ ಮೇಲಿನಿಂದ ನೋಡಿದಂತೆ ಅಪ್ರದಕ್ಷಿಣವಾಗಿ ಕಾಲು ಸುತ್ತು ತಿರುಗಿಸಿ. ಈಗ ಪುಸ್ತಕ ನೆಟ್ಟಗೆ ನಿಂತು ಮುಖಪುಟ ಬಲಕ್ಕಿದೆ. ಮತ್ತೆ ಮೊದಲಿನಂತೆ ಮಲಗಿಸಿ. ಈ ಸಲ ಮೊದಲು ಕಾಲು ಸುತ್ತು, ಆಮೇಲೆ ದೂರದ ಅಂಚು ಎತ್ತುವುದು. ಮುಖಪುಟ ನಿಮ್ಮನ್ನೇ ನೋಡುತ್ತಿದೆ, ಅಕ್ಷರಗಳು ಅಡ್ಡ ಬಿದ್ದಿವೆ. ಮಾಡಿದ ಎರಡು ಕೆಲಸ ಅವೇ, ಸರದಿ ಬದಲಾಯಿತು, ಉತ್ತರವೂ ಬದಲಾಯಿತು. ಸದಿಶಗಳನ್ನು ಕೂಡುವಾಗ ಸರದಿ ಲೆಕ್ಕಕ್ಕೆ ಬರಬಾರದು. ಹಾಗಾಗಿ ದೊಡ್ಡ ಕೋನ ಸದಿಶ ಅಲ್ಲ.

90ರ ಬದಲು 1 ಡಿಗ್ರಿ ತಿರುಗಿಸಿದರೆ ಎರಡು ಉತ್ತರಗಳ ನಡುವಿನ ವ್ಯತ್ಯಾಸ ಒಂದು ಡಿಗ್ರಿಯ ಐವತ್ತನೇ ಒಂದು ಭಾಗದಷ್ಟೂ ಇರುವುದಿಲ್ಲ. ಕೋನ ಇನ್ನೂ ಚಿಕ್ಕದಾದರೆ ವ್ಯತ್ಯಾಸ ಕೋನಕ್ಕಿಂತ ಬೇಗ ಕರಗುತ್ತದೆ. ಒಮೆಗಾ ಅಂದರೆ ಅಂಥ ಸಣ್ಣ ಸಣ್ಣ ಕೋನವನ್ನು ಸಣ್ಣ ಸಮಯದಿಂದ ಭಾಗಿಸಿದ್ದು. ಅದಕ್ಕೇ ಅದು ಸದಿಶವಾಗಿ ಬದುಕಿಕೊಂಡಿತು.

ಕನ್ನಡಿಯಲ್ಲಿ ಈ ಬಾಣ ಹೇಗೆ ಕಾಣುತ್ತದೆ?

ಬಲ, ವೇಗದಂಥ ಬಾಣವನ್ನು ಕನ್ನಡಿಗೆ ನೇರವಾಗಿ ಹಿಡಿದರೆ ಬಿಂಬದಲ್ಲಿ ಅದು ನಿಮ್ಮ ಕಡೆ ತಿರುಗಿರುತ್ತದೆ. ಚಕ್ರದ ಅಚ್ಚನ್ನು ಹಾಗೆ ಹಿಡಿದು ತಿರುಗಿಸಿ. ಬಿಂಬದ ಚಕ್ರವೂ ಅದೇ ಕಡೆಗೆ ತಿರುಗುತ್ತದೆ, ಒಮೆಗಾ ಬದಲಾಗುವುದಿಲ್ಲ. ಅಚ್ಚನ್ನು ಕನ್ನಡಿಗೆ ಸಮಾಂತರ ಹಿಡಿದರೆ ಮಾತ್ರ ಬದಲಾಗುತ್ತದೆ. ಈ ವಿಚಿತ್ರ ಸ್ವಭಾವದ ಬಾಣಗಳಿಗೆ ಅಕ್ಷೀಯ ಸದಿಶ ಅಂತ ಹೆಸರು. ಟಾರ್ಕ್, ಎಲ್, ಕಾಂತಕ್ಷೇತ್ರ ಎಲ್ಲ ಇದೇ ಮನೆಯವು.

ಆವರಣ ಚಿಹ್ನೆ ಹಾಕದಿದ್ದರೆ ನಡೆಯಲ್ವಾ?

ನಡೆಯುವುದಿಲ್ಲ. ಸುತ್ತುವ ವಸ್ತುವಿನ ಕೇಂದ್ರಾಭಿಮುಖ ವೇಗೋತ್ಕರ್ಷ ಒಮೆಗಾ × (ಒಮೆಗಾ × ಆರ್). ಆವರಣವನ್ನು ಮುಂದಕ್ಕೆ ಸರಿಸಿ (ಒಮೆಗಾ × ಒಮೆಗಾ) × ಆರ್ ಅಂದರೆ ಸೊನ್ನೆ ಬರುತ್ತದೆ, ಯಾಕಂದರೆ ಯಾವ ಸದಿಶವನ್ನೂ ಅದರಿಂದಲೇ ಕ್ರಾಸ್ ಮಾಡಿದರೆ ಸೊನ್ನೆ. ಒಂದು ಆವರಣ ಚಿಹ್ನೆ ಜರುಗಿಸಿ ಚಂದ್ರನನ್ನು ನೇರ ದಾರಿಗೆ ಕಳಿಸಿಬಿಟ್ಟಿರಿ.

ಎಲ್ ಮತ್ತು ಒಮೆಗಾ ಯಾವಾಗಲೂ ಒಂದೇ ದಿಕ್ಕಿನಲ್ಲಿ ಇರ್ತವಾ?

ಪಿಯುಸಿ ಲೆಕ್ಕದಲ್ಲಿ ಇರುತ್ತವೆ. ಟೈರ್ ಅಂಗಡಿಯಲ್ಲಿ ಇರುವುದಿಲ್ಲ. ಚಕ್ರದ ತೂಕ ಅಚ್ಚಿನ ಸುತ್ತ ಸಮನಾಗಿ ಹರಡದಿದ್ದರೆ ಎಲ್ ಅಚ್ಚಿನಿಂದ ಸ್ವಲ್ಪ ಓರೆಯಾಗಿ, ಚಕ್ರದ ಜೊತೆ ಸುತ್ತುತ್ತದೆ. ಎಲ್ ಬದಲಾಗುತ್ತಲೇ ಇದೆ ಅಂದರೆ ಟಾರ್ಕ್ ಇರಲೇಬೇಕು. ಅದನ್ನು ಬೇರಿಂಗ್ ಕೊಡಬೇಕು, ಸ್ಟೀರಿಂಗ್ ನಡುಗುತ್ತದೆ. ವೀಲ್ ಬ್ಯಾಲೆನ್ಸಿಂಗ್ ಅಂತ ರಿಮ್ಮಿಗೆ ಚಿಕ್ಕ ಚಿಕ್ಕ ತೂಕ ಹೊಡೆಯುತ್ತಾರಲ್ಲ, ಅದು ಎಲ್ ಅನ್ನು ಅಚ್ಚಿನ ಮೇಲೆ ತಂದು ಕೂರಿಸುವ ಕೆಲಸ.

ಚಂಡಮಾರುತ ಸುತ್ತೋದಕ್ಕೂ ಇದೇ ಲೆಕ್ಕಾನಾ?

ಅದೇ. ಭೂಮಿಯ ಜೊತೆ ತಿರುಗುತ್ತಾ ನೋಡುವ ನಮಗೆ −2 ಒಮೆಗಾ × ವಿ ಅನ್ನುವ ಹೆಚ್ಚುವರಿ ವೇಗೋತ್ಕರ್ಷ ಕಾಣುತ್ತದೆ. ಉತ್ತರಾರ್ಧದಲ್ಲಿ ಒಮೆಗಾದ ಒಂದು ಪಾಲು ನೆಲದಿಂದ ಮೇಲಕ್ಕೆ. ಉತ್ತರಕ್ಕೆ ಬೀಸುವ ಗಾಳಿಗೆ ಬೆರಳು ಮೇಲಕ್ಕೆ ಚಾಚಿ ಉತ್ತರಕ್ಕೆ ಮಡಚಿ, ಹೆಬ್ಬೆರಳು ಪಶ್ಚಿಮಕ್ಕೆ. ಮೈನಸ್ ಇರುವುದರಿಂದ ಪೂರ್ವಕ್ಕೆ, ಅಂದರೆ ಗಾಳಿಯ ಬಲಕ್ಕೆ. ಒಳಕ್ಕೆ ನುಗ್ಗುವ ಗಾಳಿ ಎಲ್ಲಾ ಕಡೆಯಿಂದ ಬಲಕ್ಕೆ ತಪ್ಪಿದರೆ ಬಂಗಾಳ ಕೊಲ್ಲಿಯ ಚಂಡಮಾರುತ ಮೇಲಿನಿಂದ ಅಪ್ರದಕ್ಷಿಣವಾಗಿ ಸುತ್ತುತ್ತದೆ. ಸಿಂಕಿನಲ್ಲಿ ನೀರು ಸುತ್ತುವುದಕ್ಕೆ ಇದು ಕಾರಣ ಅಲ್ಲ. ಭೂಮಿಯ ಒಮೆಗಾ ಸೆಕೆಂಡಿಗೆ 0.000073 ರೇಡಿಯನ್. ನಲ್ಲಿ ತುಸು ಓರೆ ಇದ್ದರೂ ಅದರ ಮುಂದೆ ಇದು ಲೆಕ್ಕಕ್ಕಿಲ್ಲ.

ಐ, ಜೆ, ಕೆ ಅಕ್ಷರಗಳು ಎಲ್ಲಿಂದ ಬಂದವು?

ಡಬ್ಲಿನ್‌ನ ಒಂದು ಸೇತುವೆಯಿಂದ. 1843ರ ಅಕ್ಟೋಬರ್ 16ರಂದು ಗಣಿತಜ್ಞ ವಿಲಿಯಂ ಹ್ಯಾಮಿಲ್ಟನ್ ಹೆಂಡತಿಯ ಜೊತೆ ಕಾಲುವೆ ದಂಡೆಯಲ್ಲಿ ನಡೆಯುತ್ತಿದ್ದಾಗ ಕ್ವಾಟರ್ನಿಯನ್ ಎಂಬ ನಾಲ್ಕು ಭಾಗಗಳ ಸಂಖ್ಯೆಗಳ ಸೂತ್ರ ಹೊಳೆಯಿತು. ಐ, ಜೆ, ಕೆ ಅದರಲ್ಲಿದ್ದ ಅಕ್ಷರಗಳು. ಅಲ್ಲೇ ಸೇತುವೆಯ ಕಲ್ಲಿನ ಮೇಲೆ ಕೊರೆದರು. ಅವರ ಗುಣಾಕಾರದೊಳಗೆ ನಮ್ಮ ಡಾಟ್ (ಉತ್ತರ ಬರೀ ಸಂಖ್ಯೆಯಾಗುವ ಗುಣಾಕಾರ) ಮತ್ತು ಕ್ರಾಸ್ ಎರಡೂ ಬೆರೆತುಹೋಗಿದ್ದವು. 1880ರ ದಶಕದಲ್ಲಿ ಅಮೆರಿಕದ ಯೇಲ್‌ನಲ್ಲಿ ಗಿಬ್ಸ್, ಇಂಗ್ಲೆಂಡಿನಲ್ಲಿ ಹೆವಿಸೈಡ್ ಬೇರೆ ಬೇರೆಯಾಗಿ ಅವನ್ನು ಬಿಡಿಸಿ ಇಟ್ಟರು.

ಎರಡು ಆಯಾಮದಲ್ಲಿ, ನಾಲ್ಕು ಆಯಾಮದಲ್ಲಿ ಕ್ರಾಸ್ ಪ್ರಾಡಕ್ಟ್ ಇದೆಯಾ?

ತಿರುಗುವುದು ನಿಜವಾಗಿ ಒಂದು ಸಮತಲದಲ್ಲಿ. ಕಾಗದದ ಮೇಲೆ ಸಮತಲ ಒಂದೇ, ಅದಕ್ಕೆ ಟಾರ್ಕ್ ಬರೀ ಪ್ಲಸ್ ಮೈನಸ್ ಇರುವ ಸಂಖ್ಯೆ. ಮೂರು ಆಯಾಮದಲ್ಲಿ ಅಕ್ಷ ಮೂರು, ಅಕ್ಷಗಳ ಜೋಡಿಯಿಂದ ಆಗುವ ಸಮತಲವೂ ಮೂರು. ಒಂದೊಂದು ಸಮತಲಕ್ಕೆ ಒಂದೊಂದು ಅಕ್ಷ ಹಂಚಬಹುದು. ನಾಲ್ಕರಲ್ಲಿ ಅಕ್ಷ ನಾಲ್ಕು, ಸಮತಲ ಆರು, ಹಂಚಲು ಬಾಣ ಸಾಲುವುದಿಲ್ಲ. ಏಳು ಆಯಾಮದಲ್ಲಿ ಮತ್ತೆ ಒಂದು ಬಗೆಯ ಕ್ರಾಸ್ ಪ್ರಾಡಕ್ಟ್ ಸಿಗುತ್ತದೆ. ಅದಕ್ಕೆ ಬೆರಳು ಸಾಲುವುದಿಲ್ಲ.